ಐನೂರ ನಲವತ್ತು ಮಿಲಿಮೀಟರ್

ಐನೂರ ನಲವತ್ತು ಸಾಕೇ? ಐನೂರ ನಲವತ್ತೈದು ಇಟ್ಟಿದ್ದರೆ ಏನಾಗುತ್ತಿತ್ತು? ಬೆಳಗಿನ ಮಂಜಿನಲ್ಲಿ ಕೊಳವೆಯೊಳಗಿನ ಹೊಗೆ ಬೇಗ ತಣಿಯುತ್ತದೆ, ತಣಿದ ಹೊಗೆಯಲ್ಲಿ ಶಬ್ದದ ಓಟ ನಿಧಾನ. ಹಾಗಿದ್ದರೆ ಇನ್ನೂ ಗಿಡ್ಡ ಮಾಡಬೇಕಿತ್ತಲ್ಲವೇ? ಆದರೆ ಫೈನಲ್ ನಡೆಯುವುದು ಮಧ್ಯಾಹ್ನ. ಅಷ್ಟು ಹೊತ್ತಿಗೆ ಬಿಸಿಲು ಬಂದರೆ? ಬಾರದಿದ್ದರೆ?

ಕಂಬಳಿಯಲ್ಲಿ ಸುತ್ತಿದ ಸೈಲೆನ್ಸರನ್ನು ತೊಡೆಯ ಮೇಲಿಟ್ಟುಕೊಂಡು ಕೊರ್ರಾದೊ ಕಿಟಕಿಯ ಹೊರಗೆ ನೋಡುತ್ತಿದ್ದ. ಹೊರಗೆ ಕಾಣುವಂಥದ್ದು ಏನೂ ಇರಲಿಲ್ಲ, ಮಂಜು ಬಿಟ್ಟರೆ. ವ್ಯಾನ್ ಓಡಿಸುತ್ತಿದ್ದ ಎಲ್ವೆಟ್ಸಿಯೊ, ಬೆದಿತ್ಸೊಲೆ ಎಂಬ ಊರು ದಾಟುತ್ತಲೇ ಓರೆಗಣ್ಣಿನಿಂದ ಅವನನ್ನು ನೋಡಿದ.

"ದೊತ್ತೋರೆ," ಎಂದ ಆಮೇಲೆ. "ಅದಕ್ಕೆ ಹಾಲು ಕುಡಿಸಿದ್ಯಾ?"

"ಯಾವುದಕ್ಕೆ, ಕಾಪೊ?"

"ಆ ಕೂಸಿಗೆ. ಅಪ್ಪಿಕೊಂಡು ಕೂತಿದೀಯಲ್ಲ."

ಯಜಮಾನನನ್ನು ಕಾಪೊ ಎನ್ನುವ ಹಾಗೆ, ಓದಿ ಪದವಿ ಪಡೆದವರನ್ನು ಗೌರವದಿಂದ ದೊತ್ತೋರೆ ಎನ್ನುತ್ತಾರೆ. ಎಲ್ವೆಟ್ಸಿಯೊ ಎಂಟು ವರ್ಷದಿಂದ ಆ ಮಾತನ್ನು ಚುಚ್ಚುವುದಕ್ಕೇ ಬಳಸುತ್ತಿದ್ದ. ಕೊರ್ರಾದೊ ಅವನ ಸೈಲೆನ್ಸರ್ ಅಂಗಡಿಗೆ ಮೊದಲ ಸಲ ಬಂದಾಗ ಕೈಯಲ್ಲಿ ಒಂದು ನೋಟ್‌ಪುಸ್ತಕವಿತ್ತು. ಕೊಳವೆಗಳಲ್ಲಿ ಶಬ್ದದ ಅಲೆ ಹೇಗೆ ಹೋಗಿ ಹೇಗೆ ತಿರುಗಿ ಬರುತ್ತದೆ ಎಂಬುದರ ಮೇಲೆ ಪಾವಿಯಾದ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆದಿದ್ದ. ನಿಜವಾದ ಕೊಳವೆಗಳನ್ನು ನೋಡಲು ಒಂದು ವಾರಕ್ಕೆಂದು ಬಂದವನು ಮರಳಿ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಕೇಳಿದವರಿಗೆ ಇಲ್ಲಿಯ ಕೆಲಸ ಚೆನ್ನಾಗಿದೆ ಎಂದುಬಿಡುತ್ತಿದ್ದ. ಎಂಜಿನ್ ಪರೀಕ್ಷಿಸುವ ಮೇಜಿನ ಮೇಲೆ ನಿಮಿಷಕ್ಕೆ ಹದಿನಾರು ಸಾವಿರ ಸುತ್ತಿನಲ್ಲಿ ಅರಚುತ್ತಿದ್ದ ಎಂಜಿನ್ನನ್ನು ಮುದುಕ ಎಲ್ವೆಟ್ಸಿಯೊ ಥಟ್ಟನೆ ನಿಲ್ಲಿಸುತ್ತಿದ್ದ. ಆಗ ಅಂಗಡಿಯಲ್ಲಿ ಒಂದು ಮೌನ ಹುಟ್ಟುತ್ತಿತ್ತು. ಅಷ್ಟು ತುಂಬಿದ ಮೌನವನ್ನು ಕೊರ್ರಾದೊ ಬೇರೆಲ್ಲೂ ಕೇಳಿರಲಿಲ್ಲ. ಇದನ್ನು ಯಾರಿಗೆ ಹೇಗೆ ಹೇಳುವುದು?

ಸೆಪ್ಟೆಂಬರಿನಲ್ಲಿ ಒಂದು ದಿನ ಊಟದ ನಡುವೆ ಎಲ್ವೆಟ್ಸಿಯೊ ಫೋರ್ಕ್ ಕೆಳಗಿಟ್ಟಿದ್ದ. ವಯಸ್ಸು ಎಪ್ಪತ್ತೆರಡು, ಮೊಣಕಾಲು ಎರಡೂ ಹೋಗಿವೆ, ಬಯಲುಸೀಮೆಯ ಒಂದು ದೊಡ್ಡ ಕಾರ್ಖಾನೆಯವರು ತನ್ನ ರೋಲರುಗಳನ್ನೂ ಐವತ್ತು ವರ್ಷದ ತಗಡಿನ ಅಚ್ಚುಗಳನ್ನೂ ಕೇಳಿದ್ದಾರೆ ಎಂದ. "ಎಣ್ಣೆಕೈಗಳ ರೇಸಿಗೆ ಈ ವರ್ಷ ಸೈಲೆನ್ಸರ್ ನೀನೊಬ್ನೇ ಮಾಡು. ನಾನು ಕೇಳಲ್ಲ, ಹೇಳಲ್ಲ, ಕೈ ಹಾಕಲ್ಲ. ಮೊದಲ ಮೂವರಲ್ಲಿ ಬಂದ್ರೆ ಅಂಗಡಿ ನಿಂದು. ಬರ್ಲಿಲ್ಲ ಅಂದ್ರೆ ಸೋಮವಾರ ಅವರ ಲಾರಿ ಬರುತ್ತೆ." ಅಷ್ಟು ಹೇಳಿ ಫೋರ್ಕ್ ಎತ್ತಿಕೊಂಡ. ಆಮೇಲೆ ಎರಡು ತಿಂಗಳು ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಎಣ್ಣೆಕೈಗಳ ರೇಸು ನಡೆಯುವುದು ಋತು ಮುಗಿದ ಮೇಲೆ, ನವೆಂಬರಿನ ಮೊದಲ ಭಾನುವಾರ. ವರ್ಷವಿಡೀ ಬೇರೆಯವರ ಕಾರ್ಟುಗಳನ್ನು, ಅಂದರೆ ನೆಲಕ್ಕಂಟಿದಂತೆ ಓಡುವ ಪುಟ್ಟ ರೇಸುಗಾಡಿಗಳನ್ನು, ಸಿದ್ಧಮಾಡಿ ಕೊಡುವವರು ಅಂದು ಒಂದು ದಿನ ತಾವೇ ಕೂತು ಓಡಿಸುತ್ತಾರೆ. ಎಂಜಿನ್ ಎಲ್ಲರಿಗೂ ಒಂದೇ ಬಗೆಯದು, ಗಾಳಿಯಿಂದ ತಣಿಯುವ ಹಳೆಯ ನೂರು ಸಿ.ಸಿ.ಯದು. ರೇಸು ನಡೆಸುವ ಕ್ಲಬ್ಬಿನವರು ಅವಕ್ಕೆ ಸೀಲ್ ಹಾಕಿ ಬೀರುವಿನಲ್ಲಿಟ್ಟಿರುತ್ತಾರೆ. ಯಾವುದು ಯಾರಿಗೆ ಎಂದು ಬೆಳಿಗ್ಗೆ ಚೀಟಿ ಎತ್ತಬೇಕು. ಟೈರು, ಹಲ್ಲುಚಕ್ರ, ಚೈನು ಎಲ್ಲ ಕ್ಲಬ್ಬಿನದೇ. ಮನೆಯಿಂದ ತರಬಹುದಾದದ್ದು ಒಂದೇ, ಸ್ವಂತ ಕೈಯಲ್ಲಿ ಮಾಡಿದ ಸೈಲೆನ್ಸರ್. ಆದ್ದರಿಂದ ಅಂದು ಗೆಲ್ಲುವುದೂ ಸೋಲುವುದೂ ಆ ತಗಡಿನ ಹೊಟ್ಟೆಯೊಳಗೆ. ಎಲ್ಲರಿಗಿಂತ ಕೊನೆಗೆ ಬಂದ ಅಂಗಡಿಯವರು ಮರುವರ್ಷ ಎಲ್ಲರಿಗೂ ಸ್ಪಿಯೆದೊ, ಅಂದರೆ ಸಲಾಕೆಯ ಮಾಂಸ, ಸುಡಬೇಕು.

ಈ ವರ್ಷ ಸುಡುವ ಸರದಿ ಇನ್ನೊಂದು ಅಂಗಡಿಯ ತಾರ್ಚೀಸಿಯೊನದು. ವ್ಯಾನ್ ಟ್ರ್ಯಾಕ್ ತಲುಪುವ ಹೊತ್ತಿಗೆ ಅವನು ಆಗಲೇ ಎರಡು ತಾಸಿನಿಂದ ಬೆಂಕಿಯ ಮುಂದೆ ನಿಂತಿದ್ದ. ಉದ್ದದ ಕಬ್ಬಿಣದ ಸಲಾಕೆಗಳಿಗೆ ಚುಚ್ಚಿದ ಹಂದಿಮಾಂಸ, ಕೋಳಿ, ಆಲೂಗಡ್ಡೆ, ನಡುನಡುವೆ ಘಮಕ್ಕೆ ಸೇಜ್ ಎಲೆ. ಸಲಾಕೆಗಳು ಮೋಟಾರಿನಲ್ಲಿ ನಿಧಾನಕ್ಕೆ ತಿರುಗುತ್ತಿದ್ದವು, ಅವನು ಮೇಲಿನಿಂದ ಕರಗಿದ ಬೆಣ್ಣೆ ಹನಿಸುತ್ತಿದ್ದ.

"ಪೋತಾ, ಅಬ್ಬಾ! ಬಂದ್ರಪ್ಪ ತಂದೆ-ಮಗ," ಎಂದು ಸೌಟು ಎತ್ತಿದ. "ಎಲ್ವೆಟ್ಸಿಯೊ, ಈ ಸಲ ನೀನು ಮುಟ್ಟೇ ಇಲ್ವಂತೆ?"

"ಮುಟ್ಟಿಲ್ಲ."

"ನಿದ್ದೆ ಹೇಗೆ ಬಂತೋ ನಿಂಗೆ?"

"ನಿನ್ನ ಸೈಲೆನ್ಸರ್ ನೆನೆಸ್ಕೊಂಡೆ. ನಗ್ತಾ ನಗ್ತಾ ನಿದ್ದೆ ಬಂತು."

ತಾರ್ಚೀಸಿಯೊನ ಮಗಳು ನೀವೆಸ್ ಬೆಂಚಿನ ಮೇಲೆ ಕೂತು ಹೆಲ್ಮೆಟ್ಟಿನ ಗಾಜು ಒರೆಸುತ್ತಿದ್ದಳು. ಮೂವತ್ತರ ಹೆಣ್ಣು, ಅಪ್ಪನ ಅಂಗಡಿಯಲ್ಲಿ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ. ಕಳೆದ ವರ್ಷ ಮೊದಲ ಸುತ್ತಿನಲ್ಲೇ ಅವಳ ಚೈನು ಕಡಿದಿತ್ತು. ಈ ವರ್ಷ ಬೆಣ್ಣೆ ಹನಿಸುವ ಶಿಕ್ಷೆ ಅಪ್ಪನಿಗೆ ಬಂದದ್ದು ಹಾಗೆ.

"ಕೊರ್ರಾದೊ, ನಿನ್ನ ಅಲೆಗಳೆಲ್ಲ ಕ್ಷೇಮವಾ?" ಎಂದಳು.

"ಕ್ಷೇಮ. ನಿನ್ನ ಚೈನು?"

"ನೋಡಿದ್ರಾ, ಪ್ರಬಂಧ ಬರೆದವ್ರಿಗೂ ಬಾಯಿ ಬರುತ್ತೆ ಭಾನುವಾರ!"

ಚೀಟಿ ಎತ್ತಿದಾಗ ಕೊರ್ರಾದೊನಿಗೆ ಒಂಬತ್ತನೆಯ ಎಂಜಿನ್ ಬಂತು. ಸುತ್ತ ನಿಂತವರು ಸಂತಾಪ ಸೂಚಿಸುವವರಂತೆ ಟೋಪಿ ತೆಗೆದರು. ಒಂಬತ್ತು ಸೋಮಾರಿ ಎಂದು ಎಲ್ಲರಿಗೂ ಗೊತ್ತು. ಮೇಲಿನ ಸುತ್ತುಗಳಲ್ಲಿ ಚೆನ್ನಾಗಿಯೇ ಹಾಡುತ್ತದೆ, ಕೆಳಗಿನಿಂದ ಏಳಲು ಮಾತ್ರ ಬೇಸರ.

ಕೊರ್ರಾದೊ ಕಂಬಳಿ ಬಿಚ್ಚಿದ. ಎಲ್ವೆಟ್ಸಿಯೊ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಂದು ನಿಂತ. ಸೈಲೆನ್ಸರಿನ ಒಂದೊಂದೇ ಶಂಕುವನ್ನೂ, ಒಂದೊಂದೇ ವೆಲ್ಡಿಂಗ್ ಗೆರೆಯನ್ನೂ ನೋಡಿದ. ಮುಟ್ಟಲಿಲ್ಲ. ಬಹಳ ಹೊತ್ತಾದ ಮೇಲೆ ತಡೆಯಲಾರದೆ ಕೇಳಿದ.

"ಎಷ್ಟಿಟ್ಟೆ?"

"ಐನೂರ ನಲವತ್ತು."

ಮುದುಕ ಕಿವಿಯ ಹಿಂದೆ ಕೆರೆದುಕೊಂಡ. ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚಿದ. ಬೆಂಕಿಯ ಕಡೆ ಹೊರಟುಹೋದ.

ಕೊರ್ರಾದೊ ಎರಡು ಸ್ಪ್ರಿಂಗ್ ಎಳೆದು ಸೈಲೆನ್ಸರನ್ನು ಒಂಬತ್ತನೆಯ ಎಂಜಿನ್ನಿಗೆ ಸಿಕ್ಕಿಸಿದ. ಎಲ್ವೆಟ್ಸಿಯೊನ ಮೌನಗಳನ್ನು ಅವನು ಎಂಟು ವರ್ಷದಿಂದ ಓದಲು ಕಲಿತಿದ್ದ. ಒಪ್ಪಿಗೆಯ ಮೌನ ಗಿಡ್ಡ, ಬೇಸರದ್ದು ಮೂಗಿನಿಂದ ಬರುತ್ತದೆ. ಇದು ಎರಡೂ ಆಗಿರಲಿಲ್ಲ. ಅಂಗಡಿಯಲ್ಲಿ ಅಳತೆಯೊಂದನ್ನು ಮುದುಕ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಾನೇ ಅಳೆದು, ಸೀಮೆಸುಣ್ಣದಿಂದ ಗೆರೆ ಎಳೆದು, 'ಇಲ್ಲಿ' ಎನ್ನುತ್ತಿದ್ದ. ಕತ್ತರಿಸುವುದು, ಬಾಗಿಸುವುದು, ಬೆಸೆಯುವುದು ಕೊರ್ರಾದೊನ ಕೆಲಸ. ಈ ಸಲ ಮೊದಲ ಬಾರಿಗೆ ತಾನೇ ಅಳೆಯಬೇಕಾದಾಗ ಅವನು ಬ್ರೆಷಾಕ್ಕೆ ಹೋಗಿ ಒಂದು ಹೊಸ ಉಕ್ಕಿನ ಅಳತೆಪಟ್ಟಿ ಕೊಂಡು ತಂದಿದ್ದ. ಮುದುಕ ಮನೆಗೆ ಹೋದ ಮೇಲೆ ಅದರಲ್ಲೇ ಅಳೆದು, ಮತ್ತೆ ಅಳೆದು, ಗೆರೆ ಎಳೆದಿದ್ದ. ಪಿಸ್ಟನ್ನಿನ ಮುಖದಿಂದ ಹಿಂಬದಿಯ ಶಂಕು ಕಿರಿದಾಗಲು ಶುರುವಾಗುವ ಜಾಗದವರೆಗೆ ಐನೂರ ನಲವತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಲೆಕ್ಕಕ್ಕೆ ಒಂಬತ್ತನೆಯ ಎಂಜಿನ್ನಿನ ಸೋಮಾರಿತನ ಗೊತ್ತಿರಲಿಲ್ಲ.

ವಿಷಯ ಸರಳವಾದದ್ದೇ. ಎಂಜಿನ್ ಉಗುಳಿದ ಉಸಿರು ಕೊಳವೆಯಲ್ಲಿ ಓಡಿ, ಹಿಂಬದಿಯ ಕಿರಿದಾದ ಗೋಡೆಗೆ ಬಡಿದು, ಮರಳಿ ಬಂದು, ಸುಡದೆ ಸೋರಿಹೋಗಲಿದ್ದ ಪೆಟ್ರೋಲನ್ನು ಮತ್ತೆ ಒಳಗೆ ತಳ್ಳಬೇಕು. ಕೊಳವೆ ಗಿಡ್ಡವಾದರೆ ಆ ತಳ್ಳು ಬೇಗ ಬರುತ್ತದೆ. ಎಂಜಿನ್ ಅತಿವೇಗವಾಗಿ ತಿರುಗುವಾಗ ಮಾತ್ರ ಅದು ಸರಿಹೊತ್ತು. ಉದ್ದವಾದರೆ ತಳ್ಳು ತಡವಾಗುತ್ತದೆ. ಆಗ ತಿರುವಿನಿಂದ ಏಳಲು ಬಲ ಸಿಗುತ್ತದೆ, ನೇರ ದಾರಿಯ ಕೊನೆಯಲ್ಲಿ ಉಸಿರು ಕಟ್ಟುತ್ತದೆ. ಎರಡನ್ನೂ ಒಟ್ಟಿಗೆ ಕೊಡುವ ಕೊಳವೆಯನ್ನು ಈವರೆಗೆ ಯಾರೂ ಬೆಸೆದಿಲ್ಲ.

ಬೆಳಗಿನ ಅರ್ಹತಾ ಓಟದಲ್ಲಿ ಕೊರ್ರಾದೊ ಐದನೆಯವನಾಗಿ ಬಂದ. ನೇರ ದಾರಿಯಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಆದರೆ ಕಾರ್ಟು ಪೂರ್ತಿ ಹಿಂದಕ್ಕೆ ಹೊರಳುವ ಆ ಕೊನೆಯ ಬಿಗಿ ತಿರುವಿನಲ್ಲಿ ಒಂಬತ್ತನೆಯ ಎಂಜಿನ್ ಹಾಸಿಗೆಯಿಂದ ಎಬ್ಬಿಸಿದಂತೆ ಗೊಣಗುತ್ತಿತ್ತು. ತಿರುವಿನ ಹೊರಗೆ ಹುಲ್ಲಿನ ಮೇಲೆ ಎಲ್ವೆಟ್ಸಿಯೊ ಟೋಪಿ ತೆಗೆದು ಕೈಯಲ್ಲಿ ಹಿಡಿದು, ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದುದು ಪ್ರತಿ ಸುತ್ತಿನಲ್ಲೂ ಕಾಣುತ್ತಿತ್ತು.

ಮಧ್ಯಾಹ್ನ ಮಂಜು ಸ್ವಲ್ಪ ತೆಳುವಾಯಿತು. ಕ್ಲಬ್ಬಿನ ಹೆಂಗಸರು ದೊಡ್ಡ ಪಾತ್ರೆಯಲ್ಲಿ ಬಿಸಿ ಸೂಪು ತಂದಿಟ್ಟರು.

"ಹೋಗು, ಕುಡಿ," ಎಂದ ಎಲ್ವೆಟ್ಸಿಯೊ.

"ಬೇಡ. ಹಸಿವಿಲ್ಲ."

"ಹಸಿವು ಯಾರು ಕೇಳಿದ್ರು? ಹೊಟ್ಟೆ ಖಾಲಿ ಇಟ್ಕೊಂಡು ಓಡ್ಸಿದ್ರೆ ಕಣ್ಣು ಕತ್ತಲೆ ಬರುತ್ತೆ. ಹೋಗು. ಹಾಗೇ ತಾರ್ಚೀಸಿಯೊ ಹತ್ರ ನಂಗೊಂದು ತುಂಡು ಬ್ರೆಡ್ ಇಸ್ಕೊಂಡು ಬಾ. ಆ ಸಲಾಕೆ ಕೆಳಗೆ ಬಾಣಲೇಲಿ ಹನಿದ ಬೆಣ್ಣೆ ಇರುತ್ತಲ್ಲ, ಅದ್ರಲ್ಲಿ ಅದ್ದಿಸ್ಕೊಂಡು ಬಾ."

"ಡಾಕ್ಟ್ರು ಬೆಣ್ಣೆ ಬೇಡ ಅಂದಿದಾರೆ ನಿಮ್ಗೆ."

"ಡಾಕ್ಟ್ರು ಇಲ್ಲಿ ಬಂದಿದಾನಾ? ಇಲ್ಲ ತಾನೆ? ಹೋಗು."

ಬೆಣ್ಣೆಯ ಬ್ರೆಡ್ಡಿಗಾಗಿ ಕೊರ್ರಾದೊ ಬಹಳ ಹೊತ್ತು ನಿಲ್ಲಬೇಕಾಯಿತು. ತಾರ್ಚೀಸಿಯೊ ತನ್ನ ಬೆಂಕಿಯ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ಇನ್ನೂ ಮೂರು ತಾಸು ಬೇಯಬೇಕಾದದ್ದರ ಬೆಣ್ಣೆ ಈಗಲೇ ಕೇಳುವುದು ದರೋಡೆ ಎಂದು ಭಾಷಣ ಮಾಡಿದ, ಭಾಷಣ ಮುಗಿಸಿ ಎರಡು ತುಂಡು ಕೊಟ್ಟ. ಕೊರ್ರಾದೊ ಮರಳಿ ಬಂದಾಗ ಎಲ್ವೆಟ್ಸಿಯೊ ವ್ಯಾನಿನ ಮೆಟ್ಟಿಲ ಮೇಲೆ ಕೂತಿದ್ದ. ಅವನ ಬೆರಳುಗಳು ಕಪ್ಪಾಗಿದ್ದವು. ಹಾಗೇ ಬ್ರೆಡ್ ತೆಗೆದುಕೊಂಡು ಕಚ್ಚಿದ.

"ಕೈ ಏನಾಯ್ತು, ಕಾಪೊ?"

"ನಾಯಿ ಸವರ್ದೆ."

"ಕರೀ ನಾಯಿನಾ?"

"ಕರೀದೇ. ಈಗ ಆ ಕಡೆ ಹೋಯ್ತು," ಎಂದು ಮುದುಕ ಬಾಯಿ ತುಂಬ ಬ್ರೆಡ್ ಇಟ್ಟುಕೊಂಡು ಮಂಜಿನ ಕಡೆ ಕೈ ತೋರಿಸಿದ.

ಕೊರ್ರಾದೊ ನಗಲಿಲ್ಲ. ಅವನ ತಲೆಯಲ್ಲಿ ಬೇರೆಯದೇ ತಿರುಗುತ್ತಿತ್ತು. ಕೊಳವೆಯನ್ನು ಎಂಜಿನ್ನಿಗೆ ಹಿಡಿದಿಡುವ ಎರಡು ಸ್ಪ್ರಿಂಗ್ ಬಿಚ್ಚಿ, ನಡುವೆ ಒಂದು ಉಕ್ಕಿನ ಬಳೆ ಕೂರಿಸಿದರೆ ಉದ್ದ ಹೆಚ್ಚುತ್ತದೆ. ಫೈನಲ್ ಶುರುವಾಗುವವರೆಗೆ ತನ್ನ ಸೈಲೆನ್ಸರನ್ನು ತಾನು ತಿದ್ದಿಕೊಳ್ಳಬಹುದೆಂಬ ನಿಯಮವೂ ಇದೆ. ಐದು ಮಿಲಿಮೀಟರ್ ಹಾಕಲೇ? ಆದರೆ ಬಳೆ ಹಾಕುವುದೆಂದರೆ ಲೆಕ್ಕ ತಪ್ಪಿತೆಂದು ಒಪ್ಪಿಕೊಂಡಂತೆ, ಅದೂ ಮುದುಕನ ಕಣ್ಣೆದುರೇ. ಬೇಡ. ಇದ್ದಂತೆ ಇರಲಿ. ಹಾಗೆ ತೀರ್ಮಾನಿಸಿದ ಮೇಲೂ ತೀರ್ಮಾನ ಗಟ್ಟಿಯಾಗಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ಹೆಸರು ಕರೆದರು.

ಈ ಹಳೆಯ ಕಾರ್ಟುಗಳಿಗೆ ಕ್ಲಚ್ ಇಲ್ಲ, ಸ್ಟಾರ್ಟರೂ ಇಲ್ಲ. ಹಿಂಬದಿಯನ್ನು ಎತ್ತಿ ಹಿಡಿದು ಓಡಬೇಕು, ವೇಗ ಬಂದಾಗ ಕೆಳಗೆ ಬಿಡಬೇಕು. ಎಲ್ವೆಟ್ಸಿಯೊ ತನ್ನ ಮೊಣಕಾಲುಗಳನ್ನು ಬೈಯುತ್ತಾ ತಾನೇ ತಳ್ಳಲು ಬಂದ. ಪಕ್ಕದಲ್ಲಿ ತಾರ್ಚೀಸಿಯೊ ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗಳ ಕಾರ್ಟು ಎತ್ತಿದ.

"ಅಪ್ಪಾ, ಬೆಣ್ಣೆ ಸುರೀತಿದೆ ನನ್ ಕುತ್ತಿಗೆ ಮೇಲೆ!"

"ಒಳ್ಳೇದು, ಜಾರ್ಕೊಂಡು ಹೋಗ್ತೀಯ!"

ಹದಿನಾಲ್ಕು ಕಾರ್ಟುಗಳು ಕೆಮ್ಮಿ, ಸೀನಿ, ಆಮೇಲೆ ಒಟ್ಟಿಗೆ ಅರಚಲು ಶುರುಮಾಡಿದವು.

ಮೊದಲ ಸುತ್ತಿನ ಆ ಬಿಗಿ ತಿರುವಿನಲ್ಲೇ ಕೊರ್ರಾದೊನಿಗೆ ಏನೋ ಬೇರೆ ಎನ್ನಿಸಿತು. ಒಂಬತ್ತು ಗೊಣಗಲಿಲ್ಲ. ಪೆಡಲಿಗೆ ಕಾಲಿಟ್ಟ ಕೂಡಲೇ ಎದ್ದು ಹೊರಟಿತು, ಅವನ ಬೆನ್ನು ಸೀಟಿಗೆ ಒತ್ತಿತು. ಎಂಜಿನ್ ಬಿಸಿಯಾಗಿರಬೇಕು ಎಂದುಕೊಂಡ. ಆದರೆ ನೇರ ದಾರಿಯ ಕೊನೆಗೆ ಬರುವಾಗ ಬೆಳಿಗ್ಗೆ ಕೇಳಿದ ಆ ತೆಳುವಾದ ಕೊನೆಯ ಸ್ವರ ಬರಲೇ ಇಲ್ಲ. ಅದಕ್ಕಿಂತ ಅರ್ಧ ಸ್ವರ ಕೆಳಗೆ ಶಬ್ದ ನಿಂತುಬಿಟ್ಟಿತು, ಗೋಡೆಗೆ ತಲೆ ಒತ್ತಿ ನಿಂತವನ ಹಾಗೆ. ಬಲಗಡೆಯಿಂದ ಒಬ್ಬರು, ಆಮೇಲೆ ನೀವೆಸ್, ಅವನನ್ನು ದಾಟಿ ಹೋದರು.

ಉದ್ದವಾಗಿದೆ. ಹತ್ತು ಮಿಲಿಮೀಟರ್, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ನಾಯಿ ಸವರಿದನಂತೆ!

ಎರಡನೆಯ ಸುತ್ತು ಪೂರ್ತಿ ಅವನು ಕೋಪದಲ್ಲಿ ಓಡಿಸಿದ. ಕೈ ಹಾಕುವುದಿಲ್ಲ ಎಂದವನು ಕೈ ಹಾಕಿದ್ದಾನೆ. ಎಂಟು ವರ್ಷ ಒಂದೇ ಮೇಜಿನ ಮೇಲೆ ಊಟ ಮಾಡಿ, ಕೊನೆಗೆ ಒಂದು ಕೊಳವೆಯ ಮಟ್ಟಿಗೂ ನನ್ನನ್ನು ನಂಬಲಿಲ್ಲ. ಇದು ಈಗ ನನ್ನ ಸೈಲೆನ್ಸರೇ ಅಲ್ಲ. ಗೆದ್ದರೆ ಯಾರು ಗೆದ್ದಂತೆ? ಸೋತರೆ ಯಾರು ಸೋತಂತೆ? ಹೀಗೆ ಯೋಚಿಸುತ್ತಲೇ ತಿರುವಿಗೆ ಬಂದ. ಕಾಲಿಟ್ಟ. ಕಾರ್ಟು ಮತ್ತೆ ಹಾಗೆಯೇ ಜಿಗಿಯಿತು. ಮುಂದಿದ್ದ ಇಬ್ಬರು ಹಿಂದಾದರು. ಅವನಿಗೆ ಹೆಲ್ಮೆಟ್ಟಿನೊಳಗೆ ನಗು ಬಂತು. ಕೋಪ ಮತ್ತು ನಗು ಒಂದೇ ಬಾಯಲ್ಲಿ ಹಿಡಿಸದೆ ಕೋಪ ಹೊರಬಿತ್ತು.

ಆಮೇಲೆ ಅವನು ಲೆಕ್ಕ ಬಿಟ್ಟು ಓಡಿಸಿದ. ನೇರ ದಾರಿಯಲ್ಲಿ ದಾಟುವವರು ದಾಟಲಿ ಎಂದು ಬಿಟ್ಟುಕೊಟ್ಟ. ಅದರ ಕೊನೆಯಲ್ಲಿ ಬ್ರೇಕಿಗೆ ಮುಂಚೆ ಅಂಗೈಯನ್ನು ಕಾರ್ಬುರೇಟರಿನ ಬಾಯಿಗೆ ಒಂದು ಕ್ಷಣ ಮುಚ್ಚಿ, ಬಿಸಿಯಾದ ಎಂಜಿನ್ನಿಗೆ ಒಂದು ಗುಟುಕು ಎಣ್ಣೆ ಬೆರೆತ ಪೆಟ್ರೋಲ್ ಕುಡಿಸಿದ. ತಿರುವಿನಲ್ಲಿ ಎಲ್ಲರಿಗಿಂತ ಮೊದಲೇ ನಿಧಾನಿಸಿ, ಎಲ್ಲರಿಗಿಂತ ಮೊದಲೇ ಹೊರಟ. ಪ್ರತಿ ಸುತ್ತಿನಲ್ಲೂ ನೀವೆಸ್ ನೇರ ದಾರಿಯಲ್ಲಿ ಅವನನ್ನು ದಾಟಿ, ದಾಟುವಾಗ ಎಡಗೈ ಎತ್ತಿ ಟಾಟಾ ಮಾಡುತ್ತಿದ್ದಳು. ಪ್ರತಿ ಸುತ್ತಿನಲ್ಲೂ ತಿರುವಿನ ಹೊರಗೆ ಅವನು ಅವಳನ್ನು ದಾಟಿ, ಅದೇ ಕೈ ಎತ್ತುತ್ತಿದ್ದ. ಬೇಲಿಯ ಹತ್ತಿರ ನಿಂತವರು ಇಬ್ಬರಿಗೂ ಸೇರಿಸಿ ಬೊಬ್ಬೆ ಹಾಕುತ್ತಿದ್ದರು. ಲುಮೆತ್ಸಾನೆ ಎಂಬ ಊರಿನ ಅಣ್ಣತಮ್ಮಂದಿರಿಬ್ಬರು ಬಹಳ ಮುಂದೆ ಹೋಗಿಯಾಗಿತ್ತು. ಉಳಿದಿದ್ದದ್ದು ಮೂರನೆಯ ಜಾಗ ಒಂದೇ.

ಕೊನೆಯ ಸುತ್ತಿನಲ್ಲಿ ನೀವೆಸ್ ಟಾಟಾ ಮಾಡಲಿಲ್ಲ. ಅವಳು ಒಳಗಡೆಯ ದಾರಿ ಹಿಡಿದು, ತಿರುವನ್ನು ಬಾಗಿಲು ಹಾಕಿದಂತೆ ಮುಚ್ಚಿಟ್ಟಳು. ಕೊರ್ರಾದೊ ಹೊರಗಿನಿಂದ ಅಗಲಕ್ಕೆ ಬಂದ, ಬಹುಮಟ್ಟಿಗೆ ಹುಲ್ಲಿನವರೆಗೆ. ಅಲ್ಲಿ ಎಲ್ವೆಟ್ಸಿಯೊ ನಿಂತಿದ್ದ. ಟೋಪಿಯನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ಗೆಲುವಿನ ಗೆರೆ ತಿರುವಿನಿಂದ ಎಂಬತ್ತು ಮೀಟರ್ ದೂರದಲ್ಲಿತ್ತು. ಉದ್ದದ ಕೊಳವೆಯ ಬಲವೆಲ್ಲ ಆ ಎಂಬತ್ತು ಮೀಟರಿನಲ್ಲೇ. ಕೊರ್ರಾದೊ ಕಾಲು ಒತ್ತಿದ. ನೀವೆಸ್ ಮುಂದಿದ್ದಳು, ಪಕ್ಕಕ್ಕೆ ಬಂದಳು, ಅರ್ಧ ಚಕ್ರದಷ್ಟು ಹಿಂದಾದಳು, ಗೆರೆ ಹಿಂದೆ ಹೋಯಿತು. ಮೂರನೆಯ ಜಾಗ ಕೊರ್ರಾದೊನದು.

ಎಂಜಿನ್‌ಗಳು ನಿಂತಾಗ ಆ ಮೌನ ಬಂತು, ಅವನಿಗೆ ಇಷ್ಟವಾದದ್ದು. ಈ ಸಲ ಅದು ಬಹಳ ಹೊತ್ತು ಉಳಿಯಲಿಲ್ಲ.

"ಊಟದ ಹೊತ್ತಲ್ಲಿ ಏನು ಮಾಡಿದೆ ಅದಕ್ಕೆ?" ಹೆಲ್ಮೆಟ್ ಕಿತ್ತೆಸೆದು ನೀವೆಸ್ ಬಂದಳು. ಮುಖವೆಲ್ಲ ಮಸಿ, ಹಲ್ಲು ಮಾತ್ರ ಬಿಳಿ.

"ಸೂಪ್ ಕುಡಿದೆ."

"ನೀನು ಕುಡಿದದ್ದು ಬಿಡು. ಅದು ಏನು ಕುಡೀತು?"

"ಅದೂ ಸೂಪೇ."

"ಥೂ, ಕಳ್ಳ! ಮುಂದಿನ ವರ್ಷ ನಮ್ಮನೆ ಸೂಪು ನಾನೇ ಮಾಡ್ತೀನಿ," ಎಂದು ಅವನ ಬೆನ್ನಿಗೆ ಗುದ್ದಿ, ಅಪ್ಪನ ಕಡೆ ಓಡಿದಳು. ಸಲಾಕೆಯ ಆಲೂಗಡ್ಡೆಗಳು ಸೀದಿದ್ದವು. ಅವಳ ಕೊನೆಯ ಸುತ್ತು ನೋಡಲು ಹೋಗಿ ತಾರ್ಚೀಸಿಯೊ ಬೆಣ್ಣೆ ಹನಿಸುವುದನ್ನು ಮರೆತಿದ್ದ.

ಕೊರ್ರಾದೊ ಕಾರ್ಟಿನ ಪಕ್ಕ ಮಂಡಿಯೂರಿದ. ಬಿಸಿ ಸೈಲೆನ್ಸರ್ ಟಿಕ್ ಟಿಕ್ ಎಂದು ತಣಿಯುತ್ತಿತ್ತು. ಎಂಜಿನ್ನಿನ ಬಾಯಿಗೂ ಕೊಳವೆಗೂ ನಡುವೆ ಬಳೆ ಇತ್ತು. ಅದರ ಅಂಚನ್ನು ಓರೆಯಾಗಿ ಅರದಿಂದ ಉಜ್ಜಿದ ರೀತಿ ನೋಡಿದರೆ ಸಾಕು, ಯಾರ ಕೈಕೆಲಸ ಎಂದು ಕೇಳಬೇಕಾಗಿರಲಿಲ್ಲ. ಅವನು ಕಂಬಳಿ ತಂದು ಸೈಲೆನ್ಸರಿನ ಮೇಲೆ ಹೊದಿಸಿದ.

ಮೂರೂವರೆಗೆ ಎಲ್ಲರೂ ಉದ್ದದ ಮೇಜಿಗೆ ಕೂತರು. ಹಲಗೆಯ ಮೇಲೆ ಸುರಿದ ಬಿಸಿ ಪೊಲೆಂತಾ ಎಂಬ ಮೆಕ್ಕೆಜೋಳದ ಮುದ್ದೆ, ಅದರ ಮೇಲೆ ಸಲಾಕೆಯಿಂದ ಕಳಚಿದ ಮಾಂಸ, ಅದರ ಮೇಲೆ ಬೆಣ್ಣೆ. ಕೊನೆಗೆ ಬಂದವನು ಇಸೆಯೊ ಸರೋವರದ ಕಡೆಯ ಒಬ್ಬ ದಪ್ಪ ಮನುಷ್ಯ. ಅವನ ಕುತ್ತಿಗೆಗೆ ಸೌಟನ್ನು ಹಾರದ ಹಾಗೆ ಹಾಕಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಎದ್ದು ನಿಂತು, ಮುಂದಿನ ವರ್ಷ ಎಲ್ಲರೂ ಮೀನು ತಿನ್ನಬೇಕಾಗುತ್ತದೆ ಎಂದು ಬೆದರಿಸಿದ.

ಎಲ್ವೆಟ್ಸಿಯೊ ತಿನ್ನುತ್ತಿರಲಿಲ್ಲ. ಎರಡು ಲೋಟ ಕೆಂಪು ವೈನ್ ಕುಡಿದು, ಮೂರನೆಯದನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ದೊತ್ತೋರೆ."

"ಹೇಳಿ, ಕಾಪೊ."

"ನಾನೊಂದು ತಪ್ಪು ಕೆಲಸ ಮಾಡಿದೆ."

ಕೊರ್ರಾದೊ ಪೊಲೆಂತಾ ಕತ್ತರಿಸುವುದನ್ನು ನಿಲ್ಲಿಸಿದ.

"ನಾಯಿ ಗೀಯಿ ಇರ್ಲಿಲ್ಲ," ಎಂದ ಮುದುಕ. "ನಿನ್ನ ಸೈಲೆನ್ಸರಿಗೆ ಒಂದು ಸೆಂಟಿಮೀಟರ್ ಬಳೆ ಹಾಕ್ದೆ. ತಡಿ, ಮಾತಾಡ್ಬೇಡ. ಪೂರ್ತಿ ಕೇಳು. ಬೆಳಿಗ್ಗೆ ಐನೂರ ನಲವತ್ತು ಅಂದ್ಯಲ್ಲ, ಆಗ್ಲೇ ನನ್ನ ಎದೆ ಧಸಕ್ ಅಂತು. ಅಂಗಡಿ ಟೇಪಿದೆಯಲ್ಲ, ನಮ್ಮಪ್ಪಂದು, ಅದರ ಮೊದಲ ಸೆಂಟಿಮೀಟರ್ ಇಲ್ಲ. ಎಪ್ಪತ್ತೆಂಟನೇ ಇಸ್ವೀಲಿ ಕತ್ತರಿ ಮಿಷನ್ನಿಗೆ ಸಿಕ್ಕಿ ಹೋಯ್ತು. ಅದು ಐನೂರ ನಲವತ್ತು ತೋರಿಸ್ದಾಗ ನಿಜವಾಗಿ ಇರೋದು ಐನೂರ ಮೂವತ್ತು. ನಾನು ಮನಸ್ಸಲ್ಲೇ ಒಂದು ಕಳೀತೀನಿ. ಅಭ್ಯಾಸ ಆಗಿ ಆಗಿ, ಕಳೀತೀನಿ ಅನ್ನೋದೂ ಮರೆತೇಹೋಗಿದೆ. ನಿಂಗೆ ಹೇಳ್ಬೇಕು ಅಂತ ಎಂಟು ವರ್ಷದಲ್ಲಿ ಒಂದಿನ ಹೊಳೀಲಿಲ್ಲ ನೋಡು."

ಕೊರ್ರಾದೊ ಅವನನ್ನೇ ನೋಡಿದ.

"ಬೆಳಿಗ್ಗೆ ಓಡ್ಸಿದಾಗ ಕೇಳಿದೆ. ಕೀಚಲು ಧ್ವನಿ. ಗಿಡ್ಡವೇ, ಅನುಮಾನ ಇಲ್ಲ ಅನ್ನಿಸ್ತು. ಹೇಳೋಣ ಅಂದ್ರೆ, ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ಬಿಡೋಣ ಅಂದ್ರೆ, ತಪ್ಪು ನಿಂದಲ್ಲ, ನನ್ನ ಟೇಪಿಂದು. ನನ್ನ ತಪ್ಪಿಗೆ ನೀನ್ಯಾಕೆ ಅಂಗಡಿ ಕಳ್ಕೋಬೇಕು? ಅದಕ್ಕೇ ಬಳೆ ಹಾಕಿದೆ. ಟೇಪು ಕದ್ದದ್ದನ್ನ ವಾಪಸ್ ಕೊಟ್ಟೆ, ಅಷ್ಟೇ. ಅದು ಕೈ ಹಾಕಿದ ಹಾಗಲ್ಲ." ಒಂದು ಗುಟುಕು ಕುಡಿದ. "ಅಲ್ಲ ತಾನೆ?"

ಎಲ್ವೆಟ್ಸಿಯೊ ಯಾರನ್ನಾದರೂ ಒಪ್ಪಿಗೆ ಕೇಳಿದ್ದನ್ನು ಕೊರ್ರಾದೊ ಇದೇ ಮೊದಲು ಕಂಡದ್ದು. ಮುದುಕನ ಕಣ್ಣು ಒದ್ದೆಯಾಗಿರಲಿಲ್ಲ, ಅಂಥ ಮನುಷ್ಯನಲ್ಲ ಅವನು. ಆದರೆ ಕಪ್ಪಾದ ಹೆಬ್ಬೆರಳು ಲೋಟದ ಅಂಚನ್ನು ಉಜ್ಜುತ್ತಲೇ ಇತ್ತು.

ಉತ್ತರ ಎರಡು ಇದ್ದವು. ಒಂದನ್ನು ಹೇಳಿದರೆ ಲೆಕ್ಕ ಸರಿಹೋಗುತ್ತಿತ್ತು. ಕೊಳವೆ ಸರಿಯಾದ ಐನೂರ ನಲವತ್ತೇ ಇತ್ತು, ಕದ್ದದ್ದು ಏನೂ ಇರಲಿಲ್ಲ, ಇಲ್ಲದ ತಪ್ಪನ್ನು ಮುದುಕ ತಿದ್ದಿದ್ದ. ಹಾಗೆ ತಿದ್ದಿದ್ದರಿಂದಲೇ, ಒಂಬತ್ತನೆಯ ಎಂಜಿನ್ನಿನ ಸೋಮಾರಿತನಕ್ಕೂ ಗೆರೆಯ ಮುಂಚಿನ ಎಂಬತ್ತು ಮೀಟರಿಗೂ ಅದು ಹೊಂದಿಬಿಟ್ಟಿತ್ತು. ಬಳೆಯಿಲ್ಲದೆ ಓಡಿಸಿದ್ದರೆ ತಾನು ಎಷ್ಟನೆಯವನಾಗುತ್ತಿದ್ದೆ? ಐದನೆಯವನೋ, ಒಂದನೆಯವನೋ? ಇನ್ನು ಅದು ಯಾರಿಗೂ ತಿಳಿಯುವಂತಿಲ್ಲ. ಮಾತು ಮುರಿದವನು ಅದನ್ನು ನ್ಯಾಯವೆಂದು ನಂಬಿಯೇ ಮುರಿದಿದ್ದ. ಆ ನಂಬಿಕೆಯನ್ನು ಕಿತ್ತುಕೊಂಡರೆ ಸೋಮವಾರ ಲಾರಿ ಬಂದರೂ ಬರಬಹುದು.

"ಅಲ್ಲ, ಕಾಪೊ," ಎಂದ ಕೊರ್ರಾದೊ. "ಕೈ ಹಾಕಿದ ಹಾಗಲ್ಲ."

ಎಲ್ವೆಟ್ಸಿಯೊ ಲೋಟ ಕೆಳಗಿಟ್ಟ. ಜೇಬಿನಿಂದ ಕೀಲಿಗೊಂಚಲು ತೆಗೆದು ಪೊಲೆಂತಾದ ಹಲಗೆಯ ಪಕ್ಕ ಇಟ್ಟ. ಬೆಣ್ಣೆ ಹರಿದು ಅದಕ್ಕೆ ತಾಗಿತು.

"ಜಾರ್ತವೆ, ಗಟ್ಟಿ ಹಿಡ್ಕೋ," ಎಂದ. ಆಮೇಲೆ ಮೇಜಿನ ಆ ತುದಿಗೆ ಕೂಗಿದ. "ತಾರ್ಚೀಸಿಯೊ! ಮಾಂಸ ಹಾಕಯ್ಯ ಇಲ್ಲಿ! ಇವನು ಯಜಮಾನ ಆದ, ಸೀದ ಆಲೂಗಡ್ಡೆ ತಿನ್ನೋನಲ್ಲ ಇನ್ಮೇಲೆ!"

"ಸೀದಿದ್ದು ನೀನೇ ತಿನ್ನು, ಕೂಲಿ ಆಳು!" ಎಂದು ಉತ್ತರ ಬಂತು. ಮೇಜೆಲ್ಲ ನಕ್ಕಿತು. ನೀವೆಸ್ ಎದ್ದು ಬಂದು ಯಜಮಾನನ ತಟ್ಟೆಗೆ ಕರ್ರಗೆ ಸೀದ ಆಲೂಗಡ್ಡೆಯನ್ನೇ ಹುಡುಕಿ ಹಾಕಿದಳು.

ಸೋಮವಾರ ಲಾರಿ ಬರಲಿಲ್ಲ. ಎಲ್ವೆಟ್ಸಿಯೊ ಈಗಲೂ ದಿನಾ ಎಂಟಕ್ಕೆ ಬರುತ್ತಾನೆ, ಒಲೆಯ ಹತ್ತಿರದ ಕುರ್ಚಿಯಲ್ಲಿ ಕೂತು, ಬೆಸೆದ ಗೆರೆಗಳಲ್ಲಿ ತಪ್ಪು ಹುಡುಕುತ್ತಾನೆ. ಸೈಲೆನ್ಸರ್ ಕೊಳ್ಳಲು ಬಂದವರಿಗೆಲ್ಲ ಆ ಭಾನುವಾರದ ಕಥೆ ಹೇಳುತ್ತಾನೆ. ಒಂದು ಸೆಂಟಿಮೀಟರ್ ಹೇಗೆ ಕಾಣೆಯಾಗಿತ್ತು, ತಾನು ಅದನ್ನು ಕಿವಿಯಿಂದಲೇ ಹೇಗೆ ಕಂಡುಹಿಡಿದೆ, ಹೇಗೆ ಗುಟ್ಟಾಗಿ ವಾಪಸ್ ಕೊಟ್ಟೆ ಎಂದು. ಹೇಳುತ್ತಾ ಹೇಳುತ್ತಾ ಕಥೆಯಲ್ಲಿ ಈಗ ಒಂದು ನಿಜವಾದ ಕರೀ ನಾಯಿಯೂ ಬಂದು ಸೇರಿದೆ. ಬಂದವರು ಕೊರ್ರಾದೊನ ಕಡೆ ತಿರುಗಿ "ಹೌದಾ?" ಎನ್ನುತ್ತಾರೆ. ಕೊರ್ರಾದೊ ಕೆಲಸದಿಂದ ತಲೆ ಎತ್ತಿ ಹೌದೆನ್ನುತ್ತಾನೆ.

ಮುದುಕನ ಟೇಪಿನಿಂದ ತಾನು ಅಳೆದೇ ಇರಲಿಲ್ಲ ಎಂದು ಅವನು ಒಮ್ಮೆಯೂ ಹೇಳಲಿಲ್ಲ.